ಮನೆ ವಿಮೆ ಯಾವ ಹಾನಿಗೆ ಸಿಗುತ್ತದೆ, ಯಾವುದಕ್ಕೆ ಸಿಗುವುದಿಲ್ಲ: ತುಮಕೂರು ಜಿಲ್ಲೆಯ ಮನೆಯವರಿಗೆ ಸಮಗ್ರ ಮಾರ್ಗದರ್ಶಿ

ವಾಹನಕ್ಕೆ ಕಾನೂನು ಕಡ್ಡಾಯ ಮಾಡಿರುವುದರಿಂದ ನಾವು ವಿಮೆ ಮಾಡಿಸುತ್ತೇವೆ. ಜೀವಮಾನದ ದುಡಿಮೆ ಸುರಿದು ಕಟ್ಟಿದ ಮನೆಗೆ ಅಂಥ ಕಡ್ಡಾಯ ಇಲ್ಲವಾದ್ದರಿಂದ ಅದರ ವಿಚಾರ ಮನಸ್ಸಿಗೇ ಬರುವುದಿಲ್ಲ. ಮಾಡಿಸಿದವರಲ್ಲೂ ಅನೇಕರಿಗೆ ತಮ್ಮ ಪಾಲಿಸಿ ಯಾವ ನಷ್ಟಕ್ಕೆ ಹಣ ಕೊಡುತ್ತದೆ ಎಂಬುದು ಗೊತ್ತಾಗುವುದು ಗೋಡೆ ಬಿದ್ದ ಮೇಲೆಯೇ. ವಿಮಾ ಕಂಪನಿಯು ಪರಿಹಾರವನ್ನು ನಿರ್ಧರಿಸುವಾಗ ಹಾನಿ ಎಷ್ಟು ದೊಡ್ಡದು ಎಂಬುದಕ್ಕಿಂತ ಮೊದಲು ಅದು ಯಾವ ಕಾರಣದಿಂದ ಆಯಿತು ಎಂದು ನೋಡುತ್ತದೆ. ಒಂದೇ ಗೋಡೆ ಹೊಳೆ ನೀರು ನುಗ್ಗಿ ಬಿದ್ದರೆ ಒಂದು ಲೆಕ್ಕ, ಹಳತಾಗಿ ಬಿದ್ದರೆ ಇನ್ನೊಂದು ಲೆಕ್ಕ. ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ಓದಿದರೆ ಪಾಲಿಸಿಯ ಪ್ರತಿಯೊಂದು ಷರತ್ತೂ ಅರ್ಥವಾಗುತ್ತದೆ.

ಮೊದಲ ಹೆಜ್ಜೆ: ಕೈಯಲ್ಲಿರುವ ಪಾಲಿಸಿ ಯಾವುದೆಂದು ಗುರುತಿಸಿ

ಗೃಹಸಾಲ ಪಡೆಯುವಾಗ ಬ್ಯಾಂಕು ಕಡಿತ ಮಾಡಿದ ವಿಮೆಯನ್ನೇ ಮನೆಯ ವಿಮೆ ಎಂದು ಭಾವಿಸಿದವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಎಷ್ಟೋ ಸಲ ಅದು ಸಾಲಗಾರನ ಜೀವದ ಮೇಲಿನ ವಿಮೆ ಆಗಿರುತ್ತದೆ. ಸಾಲಗಾರ ತೀರಿಕೊಂಡರೆ ಸಾಲ ತೀರುತ್ತದೆ, ಆದರೆ ಮನೆಗೆ ಬೆಂಕಿ ಬಿದ್ದರೆ ಒಂದು ರೂಪಾಯಿಯೂ ಬರುವುದಿಲ್ಲ. ಆದ್ದರಿಂದ ಪಾಲಿಸಿಯ ಮೊದಲ ಪುಟ ತೆರೆದು, ವಿಮೆ ಮಾಡಿರುವುದು ಕಟ್ಟಡಕ್ಕೋ, ಕಟ್ಟಡದೊಳಗಿನ ಸಾಮಾನಿಗೋ, ವ್ಯಕ್ತಿಗೋ ಎಂದು ನೋಡಿಕೊಳ್ಳಬೇಕು. ಕಟ್ಟಡದ ಪಾಲಿಸಿಯಲ್ಲಿ ಬ್ಯಾಂಕಿನ ಹೆಸರು ಸೇರಿದ್ದರೆ ಪರಿಹಾರದ ಮೇಲೆ ಮೊದಲ ಹಕ್ಕು ಬ್ಯಾಂಕಿನದ್ದು ಎಂಬುದನ್ನೂ ತಿಳಿದಿರಬೇಕು. ಸಾಲದ ಮೊತ್ತಕ್ಕಷ್ಟೇ ವಿಮೆ ಮಾಡಿಸಿ ಕೈಬಿಟ್ಟಿದ್ದಾರೆಯೇ ಎಂದೂ ಪರಿಶೀಲಿಸಬೇಕು.

ಇಂದು ವಾಸದ ಮನೆಗಳಿಗೆ ದೇಶದಾದ್ಯಂತ ಇರುವ ಮೂಲ ಪಾಲಿಸಿಯ ಹೆಸರು ಭಾರತ್ ಗೃಹ ರಕ್ಷಾ. ವಿಮಾ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐ ಇದನ್ನು 2021ರ ಏಪ್ರಿಲ್ 1ರಿಂದ ಜಾರಿಗೆ ತಂದಿತು. ಅಗ್ನಿ ವಿಮೆ ಮಾರುವ ಸಾಮಾನ್ಯ ವಿಮಾ ಕಂಪನಿಗಳೆಲ್ಲವೂ ಇದನ್ನು ಒಂದೇ ಮೂಲ ಷರತ್ತುಗಳೊಂದಿಗೆ ಕೊಡಬೇಕು. ಇಲ್ಲಿ ಮುಂದೆ ಹೇಳುವುದೆಲ್ಲ ಮುಖ್ಯವಾಗಿ ಈ ಪಾಲಿಸಿಯ ಬಗ್ಗೆ. ಕಂಪನಿಗಳು ಬೇರೆ ಹೆಸರಿನಲ್ಲಿ ಮಾರುವ ಪ್ಯಾಕೇಜುಗಳಲ್ಲಿ ಹೆಚ್ಚುವರಿ ರಕ್ಷಣೆಗಳಿರಬಹುದು. ಅವುಗಳನ್ನು ಆಯಾ ಪಾಲಿಸಿಯಲ್ಲೇ ಓದಬೇಕು.

ಎರಡನೆಯ ಹೆಜ್ಜೆ: ಕಾರಣಗಳ ಪಟ್ಟಿಯನ್ನು ನಿಮ್ಮ ಮನೆಯ ಮುಂದೆ ಹಿಡಿದು ಓದಿ

ಬೆಂಕಿಯಿಂದ ಆರಂಭಿಸೋಣ. ಅಡುಗೆಮನೆಯ ಬೆಂಕಿ, ದೀಪದಿಂದ ಹತ್ತಿದ ಬೆಂಕಿ, ವಸ್ತು ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳುವುದು, ಪಕ್ಕದ ಹುಲ್ಲಿನ ಬಣವೆಗೆ ಬಿದ್ದ ಬೆಂಕಿ ಮನೆಗೆ ಹರಡುವುದು, ಬೇಸಿಗೆಯಲ್ಲಿ ಗುಡ್ಡದ ಕಾಡ್ಗಿಚ್ಚು ಇಳಿದು ಬರುವುದು, ಇವೆಲ್ಲ ಪಾಲಿಸಿಯ ವ್ಯಾಪ್ತಿಯಲ್ಲಿವೆ. ಬಣವೆ ಮಾತ್ರ ಮನೆಯ ಸಾಮಾನು ಎನಿಸಿಕೊಳ್ಳುವುದಿಲ್ಲ, ಕೊಟ್ಟಿಗೆಯಲ್ಲಿದ್ದ ಹಸುವಿಗೂ ಈ ಪಾಲಿಸಿ ಅನ್ವಯಿಸುವುದಿಲ್ಲ. ಜಾನುವಾರು ವಿಮೆ ಪ್ರತ್ಯೇಕ. ಗ್ಯಾಸ್ ಸಿಲಿಂಡರ್ ಸ್ಫೋಟವೂ ಪಾಲಿಸಿಯಲ್ಲಿದೆ. ಇದರ ಜೊತೆಗೆ, ಮನೆ ವಿಮೆ ಇಲ್ಲದವರಿಗೂ ಒಂದು ದಾರಿ ಇದೆ. ತೈಲ ಕಂಪನಿಗಳು ನೋಂದಾಯಿತ ಗ್ರಾಹಕರ ಪರವಾಗಿ ಸಾರ್ವಜನಿಕ ಹೊಣೆಗಾರಿಕೆ ವಿಮೆ ಮಾಡಿಸಿರುತ್ತವೆ. ಸಿಲಿಂಡರ್ ಅವಘಡದಲ್ಲಿ ಸಾವಾದರೆ ಒಬ್ಬರಿಗೆ 6 ಲಕ್ಷ ರೂಪಾಯಿ, ನೋಂದಾಯಿತ ವಿಳಾಸದಲ್ಲಿ ಆಸ್ತಿ ಹಾನಿಯಾದರೆ ಒಂದು ಘಟನೆಗೆ ಗರಿಷ್ಠ 2 ಲಕ್ಷ ರೂಪಾಯಿವರೆಗೆ ಅದರಡಿ ಸಿಗುತ್ತದೆ. ಅದಕ್ಕಾಗಿ ಗ್ರಾಹಕರು ಪ್ರೀಮಿಯಂ ಕಟ್ಟಬೇಕಿಲ್ಲ. ಅವಘಡವಾದ ಕೂಡಲೇ ಗ್ಯಾಸ್ ವಿತರಕರಿಗೆ ಲಿಖಿತವಾಗಿ ತಿಳಿಸಬೇಕು.

ವಿದ್ಯುತ್ ವಿಚಾರದಲ್ಲಿ ಜನ ಹೆಚ್ಚು ಎಡವುತ್ತಾರೆ. ಶಾರ್ಟ್ ಸರ್ಕ್ಯೂಟ್ ಆಗಿ ಫ್ರಿಜ್ಜಿಗೆ ಬೆಂಕಿ ಹತ್ತಿ, ಅದರಿಂದ ಅಡುಗೆಮನೆಯ ಕಪಾಟು, ಬಾಗಿಲು, ಚಾವಣಿ ಸುಟ್ಟರೆ ಕಪಾಟು, ಬಾಗಿಲು, ಚಾವಣಿಗೆ ಪರಿಹಾರ ಬರುತ್ತದೆ, ಆ ಫ್ರಿಜ್ಜಿಗೆ ಬರುವುದಿಲ್ಲ. ಶಾರ್ಟ್ ಸರ್ಕ್ಯೂಟ್, ವಿದ್ಯುತ್ತಿನ ಅತಿ ಒತ್ತಡ, ಸ್ವಯಂ ಕಾವೇರುವಿಕೆ ಇವುಗಳಿಂದ ಕೆಟ್ಟ ಉಪಕರಣವನ್ನು ಮಾತ್ರ ಪಾಲಿಸಿ ಹೊರಗಿಟ್ಟಿದೆ. ಅದರಿಂದ ಬೇರೆಡೆಗೆ ಹರಡಿದ ಬೆಂಕಿಯನ್ನು ಹೊರಗಿಟ್ಟಿಲ್ಲ. ವೋಲ್ಟೇಜ್ ಏರಿಳಿತದಿಂದ ಟಿವಿ, ಮೋಟಾರು, ಸ್ಟಾರ್ಟರ್ ಸುಟ್ಟು ಹೋಗುವುದು ನಮ್ಮ ಹಳ್ಳಿಗಳಲ್ಲಿ ಹೊಸದಲ್ಲ, ಆದರೆ ಮೂಲ ಪಾಲಿಸಿಯಲ್ಲಿ ಅದಕ್ಕೆ ಹಣವಿಲ್ಲ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಸಿಡಿಲು ಬಡಿದು ಗೋಡೆ ಬಿರಿದರೆ, ಚಾವಣಿ ಒಡೆದರೆ ಪರಿಹಾರ ಉಂಟು. ಸಿಡಿಲಿನಿಂದ ತಂತಿಯಲ್ಲಿ ವಿದ್ಯುತ್ ಹೆಚ್ಚಿ ಉಪಕರಣವಷ್ಟೇ ಕೆಟ್ಟರೆ ಮೇಲಿನ ನಿರ್ಬಂಧ ಅಲ್ಲಿಗೂ ಅನ್ವಯಿಸುತ್ತದೆ. ಬೆಲೆಬಾಳುವ ಉಪಕರಣಗಳಿದ್ದರೆ ಎಲೆಕ್ಟ್ರಾನಿಕ್ ಉಪಕರಣಗಳ ಹೆಚ್ಚುವರಿ ರಕ್ಷಣೆಯನ್ನು ಕೇಳಿ ಪಡೆಯಬೇಕು.

ನೀರಿನ ಹಾನಿ: ಹೆಚ್ಚು ಎಚ್ಚರ ಬೇಕಾದ ಭಾಗ

ಬರಗಾಲದ ಜಿಲ್ಲೆ ಎಂದು ಹೆಸರಾದ ತುಮಕೂರಿನಲ್ಲಿ ಪ್ರವಾಹದ ಮಾತು ಯಾಕೆ ಎಂದು ಕೇಳುವ ಕಾಲ ಹೋಯಿತು. 2021ರ ನವೆಂಬರಿನ ಮಳೆಯಲ್ಲಿ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಮೂರೂ ಕಡೆ ಕೆರೆಗಳು ಕೋಡಿ ಬಿದ್ದವು. 2022ರ ಮಳೆಗಾಲದಲ್ಲಿ ಜಯಮಂಗಲಿ ನದಿ ಉಕ್ಕಿ ಕೊರಟಗೆರೆ, ಮಧುಗಿರಿ ಕಡೆಯ ಊರುಗಳಿಗೆ ನೀರು ನುಗ್ಗಿತು. ಇಂಥ ಮಳೆಗಳಲ್ಲಿ ಬೀಳುವುದು ಹೆಚ್ಚಾಗಿ ಮಣ್ಣಿನ ಗೋಡೆಗಳು, ಅದೂ ಮಳೆ ನಿಂತು ಒಂದೆರಡು ದಿನದ ಮೇಲೆ.

ಪಾಲಿಸಿಯ ಪಟ್ಟಿಯಲ್ಲಿರುವುದು ಬಿರುಗಾಳಿ, ಚಂಡಮಾರುತ, ಪ್ರವಾಹ ಮತ್ತು ಜಲಾವೃತವಾಗುವುದು. ಬರಿಯ ಮಳೆ ಆ ಪಟ್ಟಿಯಲ್ಲಿ ಇಲ್ಲ. ಸಾಲಾಗಿ ನಾಲ್ಕು ದಿನ ಸುರಿದ ಮಳೆಗೆ ಹೆಂಚಿನ ಸಂದಿಯಿಂದ ನೀರು ಇಳಿದು ಗೋಡೆ ನೆನೆದು ಬಿದ್ದರೆ, ಹಾನಿಯನ್ನು ಅಳೆಯಲು ವಿಮಾ ಕಂಪನಿ ಕಳಿಸುವ ಸರ್ವೇಯರ್ ಅದನ್ನು ನಿರ್ವಹಣೆಯ ಕೊರತೆ ಎಂದು ಬರೆಯುವ ಸಾಧ್ಯತೆ ಹೆಚ್ಚು. ಕೆರೆ ಕೋಡಿಯ ನೀರೋ, ರಾಜಕಾಲುವೆಯ ನೀರೋ ಅಂಗಳಕ್ಕೆ ನುಗ್ಗಿ ಬುನಾದಿಯ ಸುತ್ತ ನಿಂತು ಅದೇ ಗೋಡೆ ಕುಸಿದರೆ ಅದು ಜಲಾವೃತದ ಹಾನಿ, ಹಣ ಬರಬೇಕು. ಗಾಳಿಗೆ ಹೆಂಚು ಹಾರಿ, ಆ ಕಿಂಡಿಯಿಂದ ನೀರು ಸುರಿದು ಒಳಗಿನ ಸಾಮಾನು ಹಾಳಾದರೆ ಅದು ಬಿರುಗಾಳಿಯ ಹಾನಿ, ಅದಕ್ಕೂ ಬರಬೇಕು. ಆದ್ದರಿಂದ ನೀರು ಎಲ್ಲಿಂದ ಬಂತು, ಎಷ್ಟು ಎತ್ತರ ನಿಂತಿತು, ಯಾವ ದಿನ ನಿಂತಿತು ಎಂಬುದೇ ನಿಮ್ಮ ಕ್ಲೇಮಿನ, ಅಂದರೆ ಪರಿಹಾರದ ಬೇಡಿಕೆಯ, ಜೀವಾಳ.

ಇದನ್ನು ಸಾಬೀತು ಮಾಡುವ ಬಗೆ ಹೀಗೆ. ನೀರು ಇಳಿದ ಮೇಲೆ ಗೋಡೆಯ ಮೇಲೆ ಕೆಸರಿನ ಒಂದು ಗೆರೆ ಉಳಿಯುತ್ತದೆ. ಸುಣ್ಣ ಬಳಿದ ಗೋಡೆಯಲ್ಲಿ ಅದು ಸ್ಪಷ್ಟವಾಗಿ ಕಾಣುತ್ತದೆ, ಮಣ್ಣಿನ ಗೋಡೆಯಲ್ಲಿ ಬಿಸಿಲು ಬಿದ್ದ ಕೂಡಲೇ ಮಾಸಲಾಗುತ್ತದೆ. ಅಳತೆ ಟೇಪನ್ನು ನೆಲದಿಂದ ಆ ಗೆರೆಯವರೆಗೆ ಹಿಡಿದು, ಟೇಪಿನ ಅಂಕಿ ಓದಲು ಬರುವಂತೆ ಒಂದು ಫೋಟೊ, ಮನೆಯ ಬಾಗಿಲೂ ಸೇರುವಂತೆ ದೂರದಿಂದ ಇನ್ನೊಂದು ಫೋಟೊ ತೆಗೆಯಬೇಕು. ಕೋಡಿಯಿಂದ ಮನೆಯವರೆಗೆ ನೀರು ಹರಿದ ದಾರಿಯನ್ನು ನಡೆಯುತ್ತಾ ವಿಡಿಯೊ ಮಾಡಿಕೊಳ್ಳಬೇಕು. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯ್ತಿ ಮಟ್ಟದಲ್ಲಿ ಮಳೆಮಾಪಕಗಳನ್ನು ಇಟ್ಟಿದೆ; ಆ ದಿನ ನಿಮ್ಮ ಪಂಚಾಯ್ತಿಯಲ್ಲಿ ಎಷ್ಟು ಮಿಲಿಮೀಟರ್ ಮಳೆಯಾಯಿತು ಎಂಬ ದಾಖಲೆ ನಿಮ್ಮ ಮಾತಿಗೆ ಬಲ ಕೊಡುತ್ತದೆ. ಗ್ರಾಮ ಆಡಳಿತ ಅಧಿಕಾರಿ ಬಂದು ಮಾಡುವ ಮಹಜರಿನಲ್ಲಿ ಹಾನಿಯ ಕಾರಣವನ್ನು ಸರಿಯಾಗಿ ಬರೆಸಬೇಕು. ‘ಮಳೆಯಿಂದ ಗೋಡೆ ಕುಸಿದಿದೆ’ ಎಂಬ ಒಂದು ಸಾಲಿಗಿಂತ, ‘ಕೆರೆ ಕೋಡಿಯ ನೀರು ನುಗ್ಗಿ ಎರಡು ಅಡಿ ಎತ್ತರ ನಿಂತಿದ್ದರಿಂದ ಗೋಡೆ ಕುಸಿದಿದೆ’ ಎಂಬುದು ನಿಜವೇ ಆಗಿದ್ದಲ್ಲಿ ಅದನ್ನೇ ಪೂರ್ತಿಯಾಗಿ ಬರೆಯುವಂತೆ ವಿನಂತಿಸುವುದು ನಿಮ್ಮ ಹಕ್ಕು. ನಡೆಯದ್ದನ್ನು ಬರೆಸುವುದು ಮಾತ್ರ ವಂಚನೆ. ಅದರಿಂದ ಪೂರ್ತಿ ಕ್ಲೇಮು ಬಿದ್ದುಹೋಗುತ್ತದೆ.

ಸರ್ಕಾರದ ಪರಿಹಾರಕ್ಕೂ ವಿಮೆಗೂ ಗೊಂದಲ ಬೇಡ. ರಾಜ್ಯ ವಿಪತ್ತು ಪರಿಹಾರ ನಿಧಿಯ 2022-26ರ ಮಾನದಂಡದಂತೆ ಬಯಲು ಸೀಮೆಯಲ್ಲಿ ಪೂರ್ತಿ ಬಿದ್ದ ಮನೆಗೆ 1.20 ಲಕ್ಷ ರೂಪಾಯಿ. ಅದು ತಕ್ಷಣದ ಆಸರೆ. ಅಷ್ಟು ಹಣದಲ್ಲಿ ಮನೆ ಮತ್ತೆ ಏಳುವುದಿಲ್ಲ.

ಮನೆಯೊಳಗಿನ ನೀರಿಗೆ ಬಂದರೆ, ತಾರಸಿಯ ಟ್ಯಾಂಕು ಒಡೆದು ಅಥವಾ ತುಂಬಿ ಹರಿದು, ಪೈಪು ಸಿಡಿದು ಆದ ಹಾನಿಗೆ ಪರಿಹಾರವಿದೆ. ಸ್ನಾನದ ಮನೆಯ ಗೋಡೆಯಲ್ಲಿ ವರ್ಷಗಟ್ಟಲೆ ಒಸರಿ ಬಣ್ಣ ಉದುರಿದ್ದಕ್ಕೆ ಇಲ್ಲ.

ತೆಂಗಿನ ಮರ, ಗಾಳಿ, ಭೂಮಿ

ತಿಪಟೂರು, ಗುಬ್ಬಿ, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ಕಡೆ ಮನೆಗೂ ತೋಟಕ್ಕೂ ಬೇಲಿಯಷ್ಟೇ ಅಂತರ. ಮುಂಗಾರಿನ ಮೊದಲ ಗಾಳಿಗೆ ತೆಂಗಿನ ಮರ ಮನೆಯ ಮೇಲೆ ಉರುಳಿದರೆ, ಗೊನೆ ಕಳಚಿ ಸಿಮೆಂಟ್ ಶೀಟು ಅಥವಾ ಸೋಲಾರ್ ಫಲಕ ಒಡೆದರೆ, ಅದು ಹೊರಗಿನ ವಸ್ತು ಬಡಿದು ಆದ ಹಾನಿ ಎಂಬ ಕಾರಣದಡಿ ಬರುತ್ತದೆ. ಹಿಂದಕ್ಕೆ ಬಂದ ಲಾರಿ ಕಾಂಪೌಂಡಿಗೆ ಗುದ್ದಿದರೂ, ಪಕ್ಕದವರ ಗೋಡೆ ನಿಮ್ಮ ಮನೆಯ ಮೇಲೆ ಬಿದ್ದರೂ ಅದೇ ಕಾರಣ. ಮರವನ್ನು ತೆಗೆಸುವ ಮೊದಲು, ಬುಡ ಎಲ್ಲಿ ಕಿತ್ತಿದೆ, ಕಾಂಡ ಎಲ್ಲಿ ತಗುಲಿದೆ ಎಂಬುದು ಒಂದೇ ಚಿತ್ರದಲ್ಲಿ ಕಾಣುವಂತೆ ಫೋಟೊ ತೆಗೆಯಬೇಕು. ಬಿದ್ದ ಮಣ್ಣು, ಹೆಂಚು, ಮರಮುಟ್ಟು ಸಾಗಿಸುವ ವೆಚ್ಚಕ್ಕೆ ಕ್ಲೇಮಿನ ಶೇ. 2ರವರೆಗೆ, ಎಂಜಿನಿಯರ್ ಮತ್ತು ವಾಸ್ತುಶಿಲ್ಪಿಯ ಶುಲ್ಕಕ್ಕೆ ಶೇ. 5ರವರೆಗೆ ಪಾಲಿಸಿಯಲ್ಲೇ ಅವಕಾಶವಿದೆ. ಇದನ್ನು ಕೇಳದವರಿಗೆ ಯಾರೂ ನೆನಪಿಸುವುದಿಲ್ಲ.

ಭೂಕಂಪ, ಭೂಕುಸಿತ, ಬಂಡೆ ಉರುಳುವುದು, ಮನೆ ನಿಂತ ನೆಲವೇ ಕುಸಿಯುವುದು ಪಟ್ಟಿಯಲ್ಲಿವೆ. 2021ರ ಡಿಸೆಂಬರಿನಲ್ಲಿ ಪಕ್ಕದ ಚಿಕ್ಕಬಳ್ಳಾಪುರದಲ್ಲಿ ಲಘು ಕಂಪನಗಳು ದಾಖಲಾದಾಗ ಜನ ರಾತ್ರಿ ಹೊರಗೆ ಮಲಗಿದ ಸುದ್ದಿ ನಮಗೆಲ್ಲ ನೆನಪಿದೆ. ಆದರೆ ಹೊಸ ಮನೆ ಕೂರುವಾಗ ಬೀಳುವ ಬಿರುಕು, ಕೆರೆಯಂಗಳದಲ್ಲಿ ಮಣ್ಣು ತುಂಬಿ ಕಟ್ಟಿದ ಮನೆ ಇಳಿಯುವುದು, ಕಳಪೆ ಕಾಮಗಾರಿ, ಗೋಡೆ ಒಡೆದು ಮಾಡುವ ದುರಸ್ತಿಯಿಂದಾದ ಹಾನಿ ಇವುಗಳಿಗೆ ಪರಿಹಾರವಿಲ್ಲ. ಗೆದ್ದಲು ತಿಂದ ತೊಲೆ, ತುಕ್ಕು ಹಿಡಿದ ಕಂಬಿ, ವಯಸ್ಸಿನಿಂದ ಸವೆದದ್ದು ಯಾವುದಕ್ಕೂ ಇಲ್ಲ. ರಸ್ತೆ ಅಗಲೀಕರಣಕ್ಕೆ ಅಧಿಕಾರಿಗಳು ಒಡೆದದ್ದಕ್ಕೂ ಇಲ್ಲ.

ಗಲಭೆ, ಮುಷ್ಕರ, ದುರುದ್ದೇಶದ ಹಾನಿ, ಭಯೋತ್ಪಾದಕ ಕೃತ್ಯಗಳು ಮೂಲ ಪಾಲಿಸಿಯಲ್ಲಿ ಸೇರಿವೆ.

ಕಳ್ಳತನದ ವಿಚಾರದಲ್ಲಿ ತಪ್ಪು ತಿಳಿವಳಿಕೆ ಬಹಳ. ಬೀಗ ಒಡೆದು ಒಡವೆ ಕದ್ದರೆ ಭಾರತ್ ಗೃಹ ರಕ್ಷಾದ ಮೂಲ ಪಾಲಿಸಿ ಹಣ ಕೊಡುವುದಿಲ್ಲ. ಬೆಂಕಿ, ಪ್ರವಾಹದಂಥ ಘಟನೆಯಿಂದಾಗಿ ಮನೆ ತೆರೆದು ಬಿದ್ದಾಗ, 7 ದಿನಗಳೊಳಗೆ ಆದ ಕಳವಿಗೆ ಮಾತ್ರ ಕೊಡುತ್ತದೆ. ಮಾಮೂಲಿ ಕಳ್ಳತನಕ್ಕೆ ಕನ್ನಗಳವು ವಿಮೆಯನ್ನು ಬೇರೆಯಾಗಿ ಸೇರಿಸಿಕೊಳ್ಳಬೇಕು. ಬೆಂಗಳೂರಿನಲ್ಲಿ ಕೆಲಸ ಹಿಡಿದು ಊರಿನ ಮನೆಗೆ ಬೀಗ ಹಾಕಿರುವವರು, ಮನೆ ಖಾಲಿ ಇರುತ್ತದೆ ಎಂಬುದನ್ನು ಅರ್ಜಿಯಲ್ಲೇ ಬರೆದು, ರಕ್ಷಣೆ ಮುಂದುವರಿಯುತ್ತದೆಯೇ ಎಂದು ಲಿಖಿತ ಉತ್ತರ ಪಡೆಯುವುದು ಒಳ್ಳೆಯದು.

ಮೂರನೆಯ ಹೆಜ್ಜೆ: ಯಾವುದು ಮನೆ, ಯಾವುದು ಸಾಮಾನು, ಯಾವುದು ವ್ಯಾಪಾರ

ಮನೆಯ ಕಟ್ಟಡ ಎಂದರೆ ನಾಲ್ಕು ಗೋಡೆಯಷ್ಟೇ ಅಲ್ಲ. ವರಾಂಡ, ಕಾಂಪೌಂಡು, ಗೇಟು, ನೀರಿನ ತೊಟ್ಟಿ, ಸೆಪ್ಟಿಕ್ ಟ್ಯಾಂಕ್, ಗೋಬರ್ ಗ್ಯಾಸ್ ಘಟಕ, ಸೋಲಾರ್ ಫಲಕ, ವಾಸಕ್ಕೆ ಬಳಸುವ ಹೊರಮನೆ ಎಲ್ಲವೂ ಅದರಲ್ಲಿ ಸೇರುತ್ತವೆ. ಅವುಗಳ ಬೆಲೆಯನ್ನು ವಿಮಾ ಮೊತ್ತದಲ್ಲಿ ಸೇರಿಸಿ ತೋರಿಸಬೇಕು. ಗೋಡೆ, ಚಾವಣಿ ಯಾವುದರಿಂದ ಕಟ್ಟಿದ್ದು ಎಂಬುದನ್ನೂ ಇದ್ದದ್ದು ಇದ್ದಂತೆ ಹೇಳಬೇಕು. ಸೋಗೆ ಹೊದಿಸಿದ ಭಾಗವನ್ನು ಆರ್‌ಸಿಸಿ ಎಂದು ಬರೆಸಿದರೆ ಬೆಂಕಿ ಬಿದ್ದ ದಿನ ಕೈ ಸುಡುತ್ತದೆ.

ತಿಪಟೂರು ಸೀಮೆಯಲ್ಲಿ ಅಟ್ಟದ ತುಂಬ ಕೊಬ್ಬರಿಗಾಗಿ ಕಾಯಿ ಹಾಕಿಟ್ಟಿರುತ್ತಾರೆ. ವರ್ಷದ ಆದಾಯವೇ ಅಲ್ಲಿ ಒಣಗುತ್ತಿರುತ್ತದೆ. ಮಾರಾಟಕ್ಕಿಟ್ಟ ಆ ಸರಕು ಗೃಹಬಳಕೆಯ ಸಾಮಾನಿನ ಲೆಕ್ಕಕ್ಕೆ ಬರುವುದಿಲ್ಲ. ಮನೆಯಲ್ಲೇ ಮಗ್ಗ, ಹಿಟ್ಟಿನ ಗಿರಣಿ, ಅಂಗಡಿ ಇಟ್ಟುಕೊಂಡವರ ಯಂತ್ರ ಮತ್ತು ಸರಕಿಗೂ ಇದೇ ಮಾತು. ಇಂಥ ಸರಕು, ಯಂತ್ರಗಳಿಗೆ 5 ಕೋಟಿ ರೂಪಾಯಿ ಮೀರದ ಆಸ್ತಿಯ ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ ಎಂಬ ಪ್ರತ್ಯೇಕ ಪಾಲಿಸಿ ಇದೆ. ಅಟ್ಟದ ಬಳಕೆಯನ್ನು ಮನೆ ವಿಮೆಯ ಅರ್ಜಿಯಲ್ಲಿ ಮುಚ್ಚಿಡದೆ ತಿಳಿಸುವುದೂ ಅಗತ್ಯ.

ಕಟ್ಟಡಕ್ಕೆ ವಿಮೆ ಮಾಡಿಸಿದಾಗ, ಕಟ್ಟಡದ ವಿಮಾ ಮೊತ್ತದ ಶೇ. 20ರಷ್ಟು, ಗರಿಷ್ಠ 10 ಲಕ್ಷ ರೂಪಾಯಿವರೆಗೆ, ಮನೆಯ ಸಾಮಾನಿಗೂ ರಕ್ಷಣೆ ತಾನಾಗಿ ಸಿಗುತ್ತದೆ. ನಗದು, ಚೆಕ್ಕು, ಪತ್ರಗಳು, ವಾಹನಗಳು ಇದರಲ್ಲಿ ಇಲ್ಲ. ಒಡವೆ, ಬೆಳ್ಳಿ ಸಾಮಾನಿಗೆ ಮೊದಲೇ ಬೆಲೆ ಒಪ್ಪಿಕೊಂಡು ಐಚ್ಛಿಕ ರಕ್ಷಣೆ ಪಡೆಯಬಹುದು. ಬಾಡಿಗೆದಾರರು ತಮ್ಮ ಸಾಮಾನಿಗಷ್ಟೇ ಪಾಲಿಸಿ ಮಾಡಿಸಬಹುದು. ಮನೆ ವಾಸಕ್ಕೆ ಬಾರದಂತಾದಾಗ ಮಾಲೀಕರಿಗೆ ತಪ್ಪಿದ ಬಾಡಿಗೆ, ವಾಸವಿದ್ದವರಿಗೆ ಬೇರೆ ಮನೆಯ ಬಾಡಿಗೆ ಪಾಲಿಸಿಯಲ್ಲಿ ಸೇರಿದೆ.

ನಾಲ್ಕನೆಯ ಹೆಜ್ಜೆ: ಮೊತ್ತವನ್ನು ಸರಿಯಾಗಿ ಲೆಕ್ಕ ಹಾಕಿ

ವಿಮೆ ಮಾಡಿಸುವುದು ಮನೆಯನ್ನು ಇಂದು ಮತ್ತೆ ಕಟ್ಟಲು ತಗಲುವ ವೆಚ್ಚಕ್ಕೆ. ನಿವೇಶನದ ಬೆಲೆ ಇದರಲ್ಲಿ ಬಾರದು. ಕಾರ್ಪೆಟ್ ವಿಸ್ತೀರ್ಣವನ್ನು, ಅಂದರೆ ಹೊರಗೋಡೆಗಳನ್ನು ಬಿಟ್ಟು ಒಳಗಿನ ನೆಲದ ಅಳತೆಯನ್ನು, ನಿರ್ಮಾಣ ದರದಿಂದ ಗುಣಿಸಬೇಕು. ನಾವು ಚದರದಲ್ಲಿ ಮಾತಾಡುತ್ತೇವೆ: 10 ಚದರ ಎಂದರೆ 1,000 ಚದರ ಅಡಿ, ಸುಮಾರು 93 ಚದರ ಮೀಟರ್. ದರ ಅಡಿಗೆ 2,000 ರೂಪಾಯಿ ಎಂದಿಟ್ಟುಕೊಂಡರೆ ಮೊತ್ತ 20 ಲಕ್ಷ, ಸಾಮಾನಿಗೆ ತಾನಾಗಿ ಸಿಗುವುದು 4 ಲಕ್ಷ. ಹಳೆಯ ಮನೆಗಳಲ್ಲಿ ಗೋಡೆಯೇ ಒಂದೂವರೆ ಎರಡು ಅಡಿ ದಪ್ಪವಿರುವುದರಿಂದ ಹೊರ ಅಳತೆಗೂ ಒಳ ಅಳತೆಗೂ ಬಹಳ ವ್ಯತ್ಯಾಸ ಬರುತ್ತದೆ. ಅರ್ಜಿ ಕೇಳುವುದು ಯಾವ ಅಳತೆ ಎಂದು ನೋಡಿ ಬರೆಯಬೇಕು. ವಿಸ್ತೀರ್ಣ ಮತ್ತು ವಿವರಗಳನ್ನು ಸರಿಯಾಗಿ ಕೊಟ್ಟವರಿಗೆ, ಕಡಿಮೆ ವಿಮೆ ಎಂಬ ನೆಪದಲ್ಲಿ ಪರಿಹಾರವನ್ನು ಪ್ರಮಾಣಕ್ಕೆ ತಕ್ಕಂತೆ ಕತ್ತರಿಸುವ ಹಳೆಯ ಪದ್ಧತಿ ಈ ಪಾಲಿಸಿಯಲ್ಲಿ ಇಲ್ಲ. 10 ವರ್ಷದವರೆಗೆ ಪಾಲಿಸಿ ಪಡೆಯಬಹುದು. ದೀರ್ಘಾವಧಿಯ ಪಾಲಿಸಿಯಲ್ಲಿ ಪ್ರತಿವರ್ಷ ವಿಮಾ ಮೊತ್ತ ಶೇ. 10ರಂತೆ, ಹೆಚ್ಚುವರಿ ಪ್ರೀಮಿಯಂ ಇಲ್ಲದೆ, ಏರುತ್ತದೆ.

ಖಾತೆಯ ವಿಚಾರವನ್ನು ಈ ಹಂತದಲ್ಲೇ ಬಗೆಹರಿಸಿಕೊಳ್ಳಬೇಕು. ಮನೆ ಇನ್ನೂ ತೀರಿಹೋದ ತಾತನ ಹೆಸರಿನಲ್ಲಿದ್ದು, ಮೂವರು ಅಣ್ಣತಮ್ಮಂದಿರಲ್ಲಿ ಒಬ್ಬರು ಪಾಲಿಸಿ ಮಾಡಿಸಿದರೆ, ಹಣ ಬರುವ ಹೊತ್ತಿಗೆ ಯಾರಿಗೆ ಎಷ್ಟು ಹಕ್ಕು ಎಂಬ ಪ್ರಶ್ನೆ ಎದ್ದೇಳುತ್ತದೆ. ಖಾತೆ ಬದಲಾಯಿಸಿಕೊಳ್ಳಿ, ಆಗದಿದ್ದರೆ ಎಲ್ಲ ವಾರಸುದಾರರ ಹೆಸರಿನಲ್ಲಿ ಪಾಲಿಸಿ ಕೇಳಿ. ಇ-ಖಾತೆ, ಕಂದಾಯದ ರಸೀದಿ, ಮನೆಯ ಪ್ರತಿ ಕೋಣೆಯ ಫೋಟೊಗಳನ್ನು ಮನೆಯ ಹೊರಗೊಂದು ಕಡೆ, ಮೊಬೈಲಿನಲ್ಲೂ, ಇಟ್ಟಿರಬೇಕು.

ಐದನೆಯ ಹೆಜ್ಜೆ: ಹಾನಿಯಾದ ದಿನ

ಮೊದಲು ಜೀವ ಉಳಿಸಿಕೊಳ್ಳಿ, ವಿದ್ಯುತ್ ಮುಖ್ಯ ಸ್ವಿಚ್ ಆರಿಸಿ. ಅದೇ ದಿನ ಕಂಪನಿಗೆ ಫೋನ್ ಮಾಡಿ ಕ್ಲೇಮ್ ಸಂಖ್ಯೆ ಪಡೆಯಿರಿ, ನಂತರ ಇಮೇಲ್ ಅಥವಾ ಪತ್ರದಲ್ಲೂ ತಿಳಿಸಿ. ಬೆಂಕಿಯಾದರೆ ಅಗ್ನಿಶಾಮಕ ಠಾಣೆಯ ವರದಿ, ಕಳವು ಅಥವಾ ಗಲಭೆಯಾದರೆ ಪೊಲೀಸ್ ದೂರು, ವಿದ್ಯುತ್ ಅವಘಡವಾದರೆ ಬೆಸ್ಕಾಂಗೆ ಲಿಖಿತ ಮಾಹಿತಿ ಬೇಕಾಗುತ್ತದೆ. ಹಾನಿ ಗಮನಕ್ಕೆ ಬಂದ 30 ದಿನಗಳೊಳಗೆ ಕ್ಲೇಮ್ ಅರ್ಜಿ ಕೊಡಬೇಕು. ಸರ್ವೇಯರ್ ನೋಡುವ ಮೊದಲು ಪೂರ್ತಿ ದುರಸ್ತಿ ಮಾಡಬಾರದು, ಹಾನಿ ಹೆಚ್ಚದಂತೆ ಟಾರ್ಪಾಲು ಹೊದಿಸುವುದು ನಿಮ್ಮ ಕರ್ತವ್ಯ. ಅದರ ರಸೀದಿಯನ್ನು ಇಟ್ಟುಕೊಳ್ಳಿ. ಒಡೆದ ಹೆಂಚು, ಸುಟ್ಟ ವೈರನ್ನು ಎಸೆಯಬೇಡಿ.

ಐಆರ್‌ಡಿಎಐ 2024ರಲ್ಲಿ ಹೊರಡಿಸಿದ ಸುತ್ತೋಲೆಯಂತೆ ಕ್ಲೇಮ್ ತಿಳಿಸಿದ 24 ಗಂಟೆಗಳೊಳಗೆ ಸರ್ವೇಯರ್ ನೇಮಕವಾಗಬೇಕು, ಅವರು 15 ದಿನಗಳಲ್ಲಿ ವರದಿ ಕೊಡಬೇಕು, ವರದಿ ಬಂದ 7 ದಿನಗಳಲ್ಲಿ ಕಂಪನಿ ತೀರ್ಮಾನಿಸಬೇಕು. ಸರ್ವೇಯರ್ ಶುಲ್ಕ ಕಂಪನಿಯದ್ದು; ಅವರಿಗೆ ನೀವು ಏನನ್ನೂ ಕೊಡಬೇಕಿಲ್ಲ. ಅವರು ಬಂದಾಗ ಮನೆಯವರಲ್ಲಿ ಒಬ್ಬರೇ ಮಾತಾಡಿ, ಹಾನಿಯ ಕಾರಣವನ್ನು ನಡೆದಂತೆ ಹೇಳಿ, ಊರಿನ ಮೇಸ್ತ್ರಿಯಿಂದಲೋ ಎಂಜಿನಿಯರಿಂದಲೋ ಬರೆಸಿದ ಅಂದಾಜು ಪಟ್ಟಿಯನ್ನು ಕೈಗೆ ಕೊಡಿ. ಖಾಲಿ ಹಾಳೆಗೆ, ತುಂಬದ ಒಪ್ಪಿಗೆ ಪತ್ರಕ್ಕೆ ಸಹಿ ಮಾಡಬೇಡಿ.

ಕ್ಲೇಮ್ ತಿರಸ್ಕರಿಸಿದರೆ, ಯಾವ ಷರತ್ತಿನಡಿ ತಿರಸ್ಕರಿಸಿದರು ಎಂಬುದನ್ನು ಬರಹದಲ್ಲಿ ಪಡೆದು, ಕಂಪನಿಯ ಕುಂದುಕೊರತೆ ಅಧಿಕಾರಿಗೆ ಪತ್ರ ಬರೆಯಬೇಕು. ಐಆರ್‌ಡಿಎಐನ ಬಿಮಾ ಭರೋಸಾ ಜಾಲತಾಣದಲ್ಲೂ 155255 ಸಂಖ್ಯೆಯಲ್ಲೂ ದೂರು ದಾಖಲಿಸಬಹುದು. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ, ಒಂದು ವರ್ಷದೊಳಗೆ ವಿಮಾ ತಕರಾರುಗಳನ್ನು ಬಗೆಹರಿಸುವ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಹೋಗಬಹುದು. 50 ಲಕ್ಷ ರೂಪಾಯಿವರೆಗಿನ ತಕರಾರನ್ನು ಅಲ್ಲಿ ಶುಲ್ಕವಿಲ್ಲದೆ, ವಕೀಲರಿಲ್ಲದೆ ವಿಚಾರಿಸುತ್ತಾರೆ. ಅಲ್ಲಿಗೆ ಹೋಗಲು ಇಷ್ಟವಿಲ್ಲದವರಿಗೆ ತುಮಕೂರಿನಲ್ಲೇ ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗವಿದೆ. ದೂರಿಗೆ ಕಾರಣವಾದ ದಿನದಿಂದ ಎರಡು ವರ್ಷದೊಳಗೆ, ಪಾಲಿಸಿ, ಮಹಜರು, ಫೋಟೊಗಳು ಮತ್ತು ತಿರಸ್ಕಾರದ ಪತ್ರದೊಂದಿಗೆ ಅಲ್ಲಿ ಅರ್ಜಿ ಹಾಕಬೇಕು.